ಥೂ ಮೇಸ್ತ್ರಿಯೂ ಮಾವನ ಜೀಪೂ

ಎಡಕ್ಕೆ ತಿರುಗಬೇಕಾದ ಕಡೆ ಜೀಪು ತಿರುಗಲಿಲ್ಲ. ನಾನೇನೋ ತಿರುಗಿಸಿದ್ದೆ. ಸ್ಟಿಯರಿಂಗ್ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು, ಬಾವಿಯಿಂದ ತುಂಬಿದ ಕೊಡ ಸೇದುವವನ ಹಾಗೆ ಜಗ್ಗಿದ್ದೆ. ಅದು ಅರ್ಧ ತಿರುಗಿ, ಇನ್ನು ಸಾಕು ಅಂತ ಅಲ್ಲೇ ಕೂತುಬಿಟ್ಟಿತು. ಎದುರಿಗೆ ಗ್ಯಾರೇಜಿನ ಗೇಟು, ಗೇಟಿನ ಪಕ್ಕದಲ್ಲಿ ಬಟ್ಟೆ ಒಣಹಾಕಿದ ಹಗ್ಗ. ಗೇಟು ನಮಗೆ ಒದಗಲಿಲ್ಲ, ಹಗ್ಗ ಒದಗಿತು. ಬ್ರೇಕು ತುಳಿದು ನಿಂತಾಗ ಬಾನೆಟ್ಟಿನ ಮೇಲೆ ಎರಡು ಬನಿಯನ್, ಒಂದು ಟವೆಲು. ಮುಂದಿನ ಗಾಜಿಗೆ ಹೂಹೂವಿನ ಒಂದು ಒದ್ದೆ ನೈಟಿ, ಎರಡೂ ತೋಳು ಚಾಚಿ, ಬಹಳ ದಿನದ ಮೇಲೆ ಕಂಡ ನೆಂಟರನ್ನು ತಬ್ಬಿಕೊಳ್ಳುವಂತೆ ಅಂಟಿಕೊಂಡಿತ್ತು.

ಪಕ್ಕದ ಸೀಟಿನಲ್ಲಿ ಮಾವ, ಅಂದರೆ ನನ್ನ ಹೆಂಡತಿಯ ತಂದೆ. ಅವರು ಮುಖ ಆಚೆ ತಿರುಗಿಸಿ ಕೂತರು. ಏನೂ ಹೇಳದೆ ಇಷ್ಟೊಂದು ಹೇಳಬಲ್ಲ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಶೆಡ್ಡಿನೊಳಗಿಂದ ತೆಳ್ಳಗಿನ, ಅರವತ್ತು ದಾಟಿದ ಮನುಷ್ಯರೊಬ್ಬರು ಹೊರಗೆ ಬಂದರು. ನೈಟಿ ನೋಡಿದರು, ಸೊಟ್ಟಗೆ ನಿಂತ ಮುಂದಿನ ಚಕ್ರ ನೋಡಿದರು, ಕೊನೆಗೆ ನನ್ನನ್ನು ನೋಡಿ ತಮ್ಮ ಅಭಿಪ್ರಾಯ ತಿಳಿಸಿದರು.

"ಥೂ."

ಇವರೇ ಥೂ ಮೇಸ್ತ್ರಿ. ಹಿಂದೆಯೇ ಅವರ ಹೆಂಡತಿ ಬಂದು, ಗಾಜಿನಿಂದ ನೈಟಿ ಬಿಡಿಸಿ ಕೊಡವಿ, ಪರವಾಗಿಲ್ಲ ಸಾರ್, ಜೀಪಿಗೂ ಚೆನ್ನಾಗೇ ಒಪ್ಪುತ್ತಿತ್ತು ಅಂದರು. ಆ ಹೆಂಗಸಿನ ಮುಂದೆ ನಾನು ಅಲ್ಲೇ ಕರಗಿ ಎಣ್ಣೆಯಾಗಿ ಹರಿದುಹೋಗಿದ್ದರೆ ಒಂದು ಉಪಕಾರವಾದರೂ ಆಗುತ್ತಿತ್ತು. ಜೀಪಿಗೆ ಅವತ್ತು ಬೇಕಾಗಿದ್ದದ್ದೇ ಅದು.

ನಾವು ಅಲ್ಲಿಗೆ ಬಂದದ್ದು ಒಂದು ತೀರ್ಪಿಗಾಗಿ. ಮಾವನಿಗೆ ಎಪ್ಪತ್ತಾರು. ಕಾಲುವೆ ಇಲಾಖೆಯಲ್ಲಿ ಡ್ರೈವರ್ ಆಗಿದ್ದವರು. ತಾವು ಓಡಿಸುತ್ತಿದ್ದ ಇಲಾಖೆಯ ಜೀಪನ್ನೇ ಹರಾಜಿನಲ್ಲಿ ಹಿಡಿದು ಮನೆಗೆ ತಂದವರು. ಕಾಲುವೆಯ ಏರಿ, ಕಲ್ಲು, ಕೆಸರು ಎಲ್ಲ ಹತ್ತಿಳಿದ ಗಾಡಿ ಅದು. ಈಗಲೂ ಮಾವ ದಿನಾ ಬೆಳಿಗ್ಗೆ ಎಂಟಕ್ಕೆ ಅದರಲ್ಲಿ ಹೊರಟು ತರಕಾರಿ ತಂದು, ಹಳೆಯ ಸ್ನೇಹಿತರನ್ನು ಮಾತಾಡಿಸಿ ಹತ್ತು ಗಂಟೆಗೆ ಮನೆ ಸೇರುತ್ತಿದ್ದರು. ಆ ಎರಡು ಗಂಟೆ ಹೋದರೆ ಅವರ ದಿನದಲ್ಲಿ ಉಳಿಯುವುದು ಟೀವಿ ಮತ್ತು ನಾನು. ಯಾವುದು ಹೆಚ್ಚು ದುಃಖಕರ ಅಂತ ನಾನು ಹೇಳಲಾರೆ.

ನಾಲ್ಕು ತಿಂಗಳಿಂದ ಸ್ಟಿಯರಿಂಗ್ ಬಿಗಿಯಾಗುತ್ತ ಬಂದಿತ್ತು. ಒಂದು ದಿನ ಮಾರುಕಟ್ಟೆಯ ತಿರುವಿನಲ್ಲಿ ಮಾವ ತಿರುಗಿಸಲಾಗದೆ ಫುಟ್‌ಪಾತ್ ಹತ್ತಿಸಿ ಔಷಧಿ ಅಂಗಡಿಯ ಮೆಟ್ಟಿಲಿಗೆ ಒಂದು ಗೇಣು ಇದೆ ಅನ್ನುವಾಗ ನಿಲ್ಲಿಸಿದರು. ಅವತ್ತೇ ನನ್ನ ಹೆಂಡತಿ ತೀರ್ಮಾನ ಹೇಳಿದಳು: ಅಪ್ಪನ ತೋಳಿನಲ್ಲಿ ಕಸುವು ಹೋಗಿದೆ, ಇನ್ನು ಓಡಿಸುವುದು ಬೇಡ, ಜೀಪು ಮಾರಿಬಿಡೋಣ. ಕೊಳ್ಳುವವನೂ ಸಿಕ್ಕಿದ. ಹೆದ್ದಾರಿ ಪಕ್ಕದ ಒಂದು ಹೋಟೆಲಿನವನು. ಜೀಪಿಗೆ ಹಳದಿ ಬಣ್ಣ ಹೊಡೆದು, ಇಂಜಿನ್ ತೆಗೆದು, ಆ ಜಾಗದಲ್ಲಿ ಮಣ್ಣು ತುಂಬಿ ಹೂಗಿಡ ನೆಟ್ಟು ಹೋಟೆಲಿನ ಮುಂದೆ ನಿಲ್ಲಿಸುತ್ತಾನಂತೆ. ಭಾನುವಾರ ಬಂದು ಒಯ್ಯುವವನಿದ್ದ. ಮಾವ ಒಂದೇ ಮಾತು ಕೇಳಿಕೊಂಡಿದ್ದರು: ಥೂ ಮೇಸ್ತ್ರಿ ಒಂದು ಸಲ ನೋಡಲಿ. ತಪ್ಪು ತೋಳಿನದು ಅಂತ ಅವನ ಬಾಯಲ್ಲಿ ಬಂದರೆ ಕೀಲಿಕೈ ನಾನೇ ಕೊಡುತ್ತೇನೆ.

ತಪ್ಪು ಯಾರದು ಅಂತ ನನಗೆ ಸುಮಾರಾಗಿ ಗೊತ್ತಿತ್ತು.

ಜೀಪಿನ ಸ್ಟಿಯರಿಂಗ್ ಬಾಕ್ಸಿನಿಂದ, ಅಂದರೆ ಸ್ಟಿಯರಿಂಗಿನ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಪೆಟ್ಟಿಗೆಯಿಂದ, ಸದಾ ಎಣ್ಣೆ ತೊಟ್ಟಿಕ್ಕುತ್ತಿತ್ತು. ಸೋರುತ್ತಿದೆ ಅಂದರೆ ಒಳಗೆ ಇದೆ ಅಂತ ತಾನೇ, ಅಂತ ಮಾವ ನಿಶ್ಚಿಂತೆಯಿಂದ ಇದ್ದರು. ಆದರೆ ನಾವು ಅಂಗಳಕ್ಕೆ ಹೊಸ ಟೈಲ್ಸ್ ಹಾಕಿಸಿದೆವು. ಟೈಲ್ಸ್ ಮೇಲೆ ದಿನಕ್ಕೊಂದು ಕಪ್ಪು ಚುಕ್ಕೆ ಬಿದ್ದು, ಹೆಂಡತಿಯ ಮುಖದ ಮೇಲೆ ಅಷ್ಟೇ ಗಾತ್ರದ ಇನ್ನೊಂದು ಬೀಳುತ್ತಿತ್ತು. ಒಂದು ದಿನ ಅಪ್ಪ ಮಗಳು ಇಬ್ಬರೂ ಹೊರಗೆ ಹೋದಾಗ ನನ್ನ ತಲೆಗೆ ಒಂದು ಸಂಶೋಧನೆ ಹೊಳೆಯಿತು: ಎಣ್ಣೆ ಸೋರುತ್ತದೆ, ಗ್ರೀಸ್ ಸೋರುವುದಿಲ್ಲ. ಗೇಟಿನ ಕೀಲಿಗೆ ತಂದ ಗ್ರೀಸಿನ ಡಬ್ಬಿ ಹೇಗೂ ಮನೆಯಲ್ಲಿತ್ತು. ಬಾಕ್ಸಿನ ಮೇಲಿನ ಮುಚ್ಚಳದ ಬೋಲ್ಟು ಬಿಚ್ಚಿ ಇಡೀ ಡಬ್ಬಿಯನ್ನು ಒಳಗೆ ತುರುಕಿದೆ. ಚುಕ್ಕೆ ನಿಂತಿತು. ನಿಮ್ಮ ಕೈಗೆ ಇಂಥ ಕೆಲಸವೂ ಬರುತ್ತಾ ಅಂತ ಹೆಂಡತಿ ಹೊಗಳಿದಳು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅದು ಮೊದಲನೆಯದು. ಆಮೇಲೆ ಸ್ಟಿಯರಿಂಗ್ ಬಿಗಿಯಾಗತೊಡಗಿದಾಗ ನನಗೆ ಅನುಮಾನ ಬರಲಿಲ್ಲ ಅಂತಲ್ಲ. ಬಂದಿತ್ತು. ಆದರೆ ಸಿಕ್ಕ ಒಂದೇ ಒಂದು ಹೊಗಳಿಕೆಯನ್ನು ವಾಪಸು ಕೊಡುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಇನ್ನು ಮೇಸ್ತ್ರಿಯ ವಿಷಯ. ಅವರು ಮೂಗು ಸುಕ್ಕು ಮಾಡಿಕೊಂಡೇ ಹುಟ್ಟಿದರು ಅಂತ ಅವರ ತಾಯಿ ಹೇಳುತ್ತಿದ್ದರಂತೆ. ಸೂಲಗಿತ್ತಿಯ ಕೈ ನೋಡಿರಬೇಕು. ಎಂಟನೆಯ ವಯಸ್ಸಿಗೆ, ಅಣ್ಣ ಉಂಡ ತಟ್ಟೆಯಲ್ಲಿ ಉಣ್ಣುವುದಿಲ್ಲ ಅಂತ ಹಟ ಹಿಡಿದು ಸಂಜೆಯವರೆಗೆ ಹಸಿದು ಕೂತರು. ಶಾಲೆ ಬಿಟ್ಟದ್ದು ಬಡತನದಿಂದ ಅಂತ ನಾನು ಕನಿಕರದಿಂದ ಊಹಿಸಿದ್ದೆ. ಹಾಗೇನೂ ಇಲ್ಲವಂತೆ. ಲೆಕ್ಕದ ಮೇಷ್ಟ್ರು ಬೋರ್ಡು ಒರೆಸುವ ಬಟ್ಟೆಯಲ್ಲೇ ಮೂಗನ್ನೂ ಒರೆಸಿಕೊಳ್ಳುತ್ತಿದ್ದರು. ಇವತ್ತಿಗೂ ಮೇಸ್ತ್ರಿ ಯಾರ ಕೈಯನ್ನೂ ಕುಲುಕುವುದಿಲ್ಲ. ಚಹಾ ಕುಡಿಯುವುದು ತಮ್ಮದೇ ಸ್ಟೀಲ್ ಲೋಟದಲ್ಲಿ. ಆ ಲೋಟಕ್ಕೆ ಶೆಡ್ಡಿನಲ್ಲಿ ಬೀಗ ಹಾಕುವ ಒಂದು ಪುಟ್ಟ ಪೆಟ್ಟಿಗೆ ಇದೆ. ಸ್ಪ್ಯಾನರುಗಳಿಗೆ ಬೀಗವಿಲ್ಲ.

ಇಂಥವರು ಇಪ್ಪತ್ತನೆಯ ವಯಸ್ಸಿಗೆ ಕಾಲುವೆ ಇಲಾಖೆಯ ವರ್ಕ್‌ಷಾಪು ಸೇರಿ, ಅಲ್ಲಿ ಯಾರಿಗೂ ಬೇಡವಾದ ಕೆಲಸ ಹಿಡಿದರು. ಸ್ಟಿಯರಿಂಗ್ ಬಾಕ್ಸ್ ಬಿಚ್ಚುವ ಕೆಲಸ. ಗಾಡಿಯ ಅಡಿಗೆ ಅಂಗಾತ ಮಲಗಬೇಕು, ಹಳೆಯ ಗೇರ್ ಆಯಿಲ್ ನೇರವಾಗಿ ಮುಖಕ್ಕೇ ಬೀಳುತ್ತದೆ. ಆ ವಾಸನೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊಳೆತ ಮೊಟ್ಟೆಯನ್ನು ಒದ್ದೆ ಕಾಲುಚೀಲದಲ್ಲಿ ಸುತ್ತಿ ಒಂದು ವಾರ ಬಿಸಿಲಿಗಿಟ್ಟರೆ ಬರುವ ವಾಸನೆ ಅದರ ತಮ್ಮ. ಅಣ್ಣನನ್ನು ವರ್ಣಿಸಲು ನನ್ನಿಂದಾಗದು. ಮೇಸ್ತ್ರಿ ಮಾತ್ರ ಅದನ್ನು ಎರಡು ಬೆರಳಲ್ಲಿ ಹೊಸೆದು, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಮೂಸುತ್ತಾರೆ. ಆಗ ಅವರ ಮೂಗಿನ ಸುಕ್ಕು ಬಿಚ್ಚುತ್ತದೆ.

ವರ್ಕ್‌ಷಾಪಿನಲ್ಲಿ ಒಂದು ಸಲ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಹನ್ನೊಂದು ಜೀಪುಗಳು ಸೋರುತ್ತಿದ್ದವು. ನೆಲ ಆಗತಾನೇ ತೊಳೆದು ಸುಣ್ಣದ ಗೆರೆ ಎಳೆದಿತ್ತು. ಮೇಲ್ವಿಚಾರಕ ಒಂದು ಉಪಾಯ ಹೇಳಿದ: ಎಲ್ಲ ಬಾಕ್ಸಿಗೂ ಗ್ರೀಸ್ ತುಂಬಿ. ಉಳಿದವರು ತುಂಬಿದರು. ಮೇಸ್ತ್ರಿ ಅವನ ಮುಖಕ್ಕೇ ತಮ್ಮ ಅಭಿಪ್ರಾಯ ತಿಳಿಸಿದರು. ಹಾಗಾಗಿ ಏಳು ವರ್ಷ ಟೈರು ಉಗ್ರಾಣದಲ್ಲಿ ಟೈರು ಎಣಿಸುತ್ತ ಕೂತರು. ಹನ್ನೊಂದರಲ್ಲಿ ಒಂಬತ್ತು ಜೀಪಿನ ಬಾಕ್ಸು ಎರಡೇ ವರ್ಷದಲ್ಲಿ ಒಳಗೊಳಗೇ ಸವೆದು ತಿಂದುಹೋಯಿತು. ಒಂದು ಅದೃಷ್ಟದಿಂದ ಉಳಿಯಿತು. ಇನ್ನೊಂದರ ಡ್ರೈವರ್, ಸಾಹೇಬರ ಕಾರು ಗೇಟು ದಾಟಿದ ಅರ್ಧ ಗಂಟೆಯಲ್ಲಿ, ಮೇಸ್ತ್ರಿಯ ಮಾತಿನ ಮೇಲೆ ನಂಬಿಕೆಯಿಟ್ಟು, ತುಂಬಿದ ಗ್ರೀಸನ್ನೆಲ್ಲ ಬರಿಗೈಯಲ್ಲಿ ಬಾಚಿ ಹೊರಗೆ ತೆಗೆದಿದ್ದ. ಆ ಡ್ರೈವರೇ ನನ್ನ ಮಾವ. ಆ ಜೀಪೇ ಈಗ ಬನಿಯನ್ ಹೊದ್ದು ನಿಂತಿದ್ದ ಜೀಪು. ಈ ಕತೆಯನ್ನು ಮಾವ ನನಗೆ ಹೇಳಿದ್ದು ಯಾವಾಗ ಗೊತ್ತೆ? ಆ ದಿನ ಬೆಳಿಗ್ಗೆ, ಗ್ಯಾರೇಜಿಗೆ ಬರುವ ದಾರಿಯಲ್ಲಿ. ನಾಲ್ಕು ತಿಂಗಳು ಮೊದಲೇ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು ಅಂತ ನನಗೆ ನಿಜವಾಗಿಯೂ ಸಿಟ್ಟು ಬಂತು.

ಮೇಸ್ತ್ರಿಯ ಹೆಂಡತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಅವರದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಅಲ್ಲಿಗೆ ಏನೇನು ಬರುತ್ತದೋ ಅದನ್ನೆಲ್ಲ ಒಗೆದು, ಕೈ ತೊಳೆದು, ಬುತ್ತಿ ಬಿಚ್ಚಿ ನಗುನಗುತ್ತ ಉಣ್ಣುವ ಹೆಂಗಸು. ಇವರಿಗೆ ಮೂಗೇ ಇಲ್ಲ ಅಂತ ಗಂಡ, ಅವರಿಗೆ ಮೂಗು ಬಿಟ್ಟರೆ ಇನ್ನೇನೂ ಇಲ್ಲ ಅಂತ ಹೆಂಡತಿ. ಮೂವತ್ತೈದು ವರ್ಷದಿಂದ ಸಂಸಾರ ಸುಸೂತ್ರವಾಗಿ ನಡೆದಿದೆ.

ಮೇಸ್ತ್ರಿ ಜೀಪನ್ನು ಶೆಡ್ಡಿಗೆ ತಳ್ಳಿಸಿದರು. ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಜ್ಯಾಕ್ ಕೊಟ್ಟು ಎತ್ತಿದರು. ಬಾಕ್ಸಿನಿಂದ ಚಕ್ರಗಳ ಕಡೆಗೆ ಹೋಗುವ ಸಲಾಕೆಯನ್ನು ಬಿಚ್ಚಿ ಕೆಳಗಿಟ್ಟರು. ಈಗ ಸ್ಟಿಯರಿಂಗಿಗೂ ಚಕ್ರಕ್ಕೂ ಸಂಬಂಧ ಇಲ್ಲ. ಮೊದಲು ಚಕ್ರವನ್ನು ಕೈಯಲ್ಲಿ ಹಿಡಿದು ಎಡಬಲ ಆಡಿಸಿದರು. ಎಣ್ಣೆ ಬಿಟ್ಟ ಬಾಗಿಲಿನ ಹಾಗೆ ಸಲೀಸಾಗಿ ಆಡಿತು. ಆಮೇಲೆ ಮಾವನನ್ನು ಸೀಟಿನಲ್ಲಿ ಕೂರಿಸಿ ಸ್ಟಿಯರಿಂಗ್ ತಿರುಗಿಸಿ ಅಂದರು. ಮಾವ ತಿಣುಕಿದರು. ನನಗೂ ಅಪ್ಪಣೆಯಾಯಿತು. ನಾನೂ ತಿಣುಕಿದೆ. ಕೊನೆಗೆ ತಾವೇ ಹತ್ತಿ, ಹಗ್ಗದಂತೆ ನರ ಎದ್ದ ತೋಳಲ್ಲಿ ಜಗ್ಗಿದರು. ಬಾಕ್ಸು ಕಿರ್ ಅಂತು.

"ಮೂರು ಜನದ ತೋಳಲ್ಲೂ ಒಟ್ಟಿಗೇ ಶಕ್ತಿ ಹೋಯ್ತಾ, ಯಜಮಾನ್ರೇ?" ಅಂತ ಮಾವನನ್ನು ಕೇಳಿದರು.

ಮಾವ ಅಂಗಿಯ ತೋಳು ಮಡಿಸಿ ತಮ್ಮ ಬಲಗೈಯನ್ನು ಒಂದು ಸಲ ನೋಡಿಕೊಂಡರು. ನಾಲ್ಕು ತಿಂಗಳಿಂದ ಅದರ ಮೇಲೆ ಅವರಿಗೂ ನಂಬಿಕೆ ಹೋಗಿತ್ತು ಅಂತ ಆಗ ನನಗೆ ಗೊತ್ತಾಯಿತು. 

ಎಣ್ಣೆ ಯಾವುದು ಹಾಕಿಸಿದಿರಿ ಅಂತ ಮೇಸ್ತ್ರಿ ಕೇಳಿದ್ದಕ್ಕೆ, ಎರಡು ವರ್ಷದ ಕೆಳಗೆ ನೀನು ಹಾಕಿದ್ದೇ, ಆಗಾಗ ಕಡ್ಡಿ ಅದ್ದಿ ನೋಡುತ್ತಿದ್ದೆ, ಕಪ್ಪಗೆ ಹತ್ತುತ್ತಿತ್ತು, ಈಗ ಹತ್ತಿರದ್ದು ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ ಅಂದರು ಮಾವ. ಮೇಸ್ತ್ರಿ ಬಾಕ್ಸಿನ ಪಕ್ಕದ ಮುಚ್ಚಳದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಪ್ರತಿ ಬೋಲ್ಟಿಗೂ ನಾನು ಬಾಗಿಲ ಕಡೆಗೆ ಒಂದೊಂದು ಹೆಜ್ಜೆ ಸರಿದೆ.

ಮುಚ್ಚಳ ಬಂತು. ಹಿಂದೆಯೇ ವಾಸನೆ ಬಂತು. ಒಳಗಿದ್ದದ್ದನ್ನು ಏನೆಂದು ಹೇಳಲಿ? ಹಳೆಯ ಎಣ್ಣೆಯ ಉಳಿಕೆ, ನೀರು, ಲೋಹದ ಪುಡಿ, ನನ್ನ ಗ್ರೀಸು ಎಲ್ಲ ಸೇರಿ, ತಿಂಗಳುಗಟ್ಟಲೆ ಬಿಚ್ಚದ ಬ್ಯಾಂಡೇಜಿನ ಅಡಿಯ ಮುಲಾಮಿನ ಹಾಗೆ ಕಂದು ಕಪ್ಪಾಗಿ, ಅಂಚಿನಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ಮೇಸ್ತ್ರಿ ಮಾವನನ್ನು ಹತ್ತಿರ ಕರೆದು ಟಾರ್ಚು ಬಿಟ್ಟು ತೋರಿಸಿದರು. ಒಳಗೆ ತಿರುಪಿನಂತೆ ಸುತ್ತು ಸುತ್ತಾದ ಒಂದು ಉಕ್ಕಿನ ದಂಡ. ಅದರ ತೋಡಿನಲ್ಲಿ ಓಡಾಡುವ ಒಂದು ಗೂಟ. ಸುತ್ತ ಇಷ್ಟೆಲ್ಲ ಹೊಲಸು ತುಂಬಿದ್ದರೂ ಆ ದಂಡ ಮಾತ್ರ ಬತ್ತಿ ಬರಡಾಗಿ ಹೊಳೆಯುತ್ತಿತ್ತು.

"ನೋಡಿ. ದಂಡ ಒಂದು ಸಲ ದೂಡ್ತು, ಈ ಗ್ರೀಸು ಗೋಡೆ ಕಟ್ಕೊಂಡು ದೂರ ನಿಂತ್ಕೊಂಡ್ತು. ಎಣ್ಣೆ ಆದ್ರೆ ದೂಡಿದ್ರೂ ವಾಪಸ್ ಹರಿದು ಬರುತ್ತೆ. ಈ ನನ್ಮಗಂದು ಬರಲ್ಲ. ಥೂ, ಯಾವನ್ರೀ ಹಾಕಿದ್ದು ಇದನ್ನ?"

ನಾನು ಶೆಡ್ಡಿನ ಮಾಡನ್ನು ನೋಡುತ್ತಿದ್ದೆ. ತಗಡಿನ ಮಾಡು. ನಲವತ್ತೆರಡು ಮೊಳೆ ಇದ್ದವು.

ಮೇಸ್ತ್ರಿ ಮೊಳಕೈವರೆಗೆ ತೋಳು ಮಡಿಸಿ, ಮುಖದಲ್ಲಿ ಒಂದು ಗೆರೆಯೂ ಅಲುಗದೆ, ಬೆರಳುಗಳನ್ನು ಆ ಹೊಲಸಿನೊಳಗೆ ಇಳಿಸಿದರು. ಒಂದು ಹಿಡಿ ತೆಗೆದು ಬಾಲ್ದಿಗೆ ಎಸೆದರು. ಎರಡನೆಯ ಹಿಡಿಗೆ ಕೈ ಹಾಕಿದವರು ಹಾವು ಮುಟ್ಟಿದಂತೆ ಹಿಂದಕ್ಕೆ ಎಳೆದುಕೊಂಡರು. ಇಕ್ಕಳ ತಂದು, ಒಳಗಿಂದ ಏನನ್ನೋ ಕಚ್ಚಿಸಿ ಹೊರಗೆಳೆದು, ಸೀಮೆಎಣ್ಣೆಯಲ್ಲಿ ಅದ್ದಿ ಅಲ್ಲಾಡಿಸಿದರು. ಕಪ್ಪು ಕರಗಿ ಹಸಿರು ಕಾಣಿಸಿತು. ಆಮೇಲೆ ಬಿಳಿಯ ಕೂದಲು. ಹಲ್ಲುಜ್ಜುವ ಬ್ರಶ್ಶಿನ ಮುರಿದ ತಲೆ.

ಇದನ್ನು ನಾನು ಮರೆತೇಬಿಟ್ಟಿದ್ದೆ, ಅಥವಾ ಮರೆತೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಬೋಲ್ಟಿನ ಕಿಂಡಿ ಚಿಕ್ಕದು. ಗ್ರೀಸನ್ನು ಒಳಗೆ ತಳ್ಳಲು ಏನಾದರೂ ಬೇಕಿತ್ತು. ಬಚ್ಚಲುಮನೆಯಲ್ಲಿ ಎದುರಿಗೇ ಇದ್ದ ಬ್ರಶ್ಶು ತಂದಿದ್ದೆ. ತಳ್ಳುವಾಗ ಲಟಕ್ ಅಂತ ಮುರಿಯಿತು. ಹಿಡಿಯನ್ನು ಕಸಕ್ಕೆ ಹಾಕಿದೆ. ತಲೆ ಎಲ್ಲಿ ಹೋಯಿತು ಅಂತ ವಿಚಾರಿಸಲಿಲ್ಲ.

ಮೇಸ್ತ್ರಿಯ ಮುಖದಲ್ಲಿ ಆಗ ಕಂಡ ಅಸಹ್ಯವನ್ನು ನಾನು ಯಾವ ಮುಖದಲ್ಲೂ ಕಂಡಿಲ್ಲ. ಮೂಗು, ಬಾಯಿ, ಹುಬ್ಬು ಎಲ್ಲ ಒಂದೇ ಕಡೆಗೆ ಓಡಿಬಂದು ಸೇರಿದ್ದವು. ಇಕ್ಕಳವನ್ನು ತೋಳಿನಷ್ಟು ದೂರ ಹಿಡಿದು ನಿಂತರು. ಮಾವ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಬಗ್ಗಿ ನೋಡಿ, ಇದು ನಂದು ಅಂದರು.

ಆ ಬ್ರಶ್ಶು ಕಾಣೆಯಾದಾಗ ಮನೆಯಲ್ಲಿ ದೊಡ್ಡ ಚರ್ಚೆ ಆಗಿತ್ತು. ಇಲಿ ಹೊತ್ತುಕೊಂಡು ಹೋಗಿದೆ ಅಂತ ತೀರ್ಮಾನವಾಗಿ, ನಾನೇ ಮುಂದೆ ನಿಂತು ಇಲಿಬೋನು ತಂದಿದ್ದೆ.

"ಇಲಿ ತಗೊಂಡು ಹೋಗಿದ್ದು" ಅಂದರು ಮಾವ, ನನ್ನ ಕಡೆಗೆ ನೋಡದೆ.

"ಇಲಿಗೆ ಗ್ರೀಸ್ ಯಾರು ತಂದ್ಕೊಟ್ರು, ಯಜಮಾನ್ರೇ?"

"ಬಿಡು ಮೇಸ್ತ್ರಿ. ಮನೇಲಿ ಸಾಕಿರೋ ಇಲಿ."

ಇದಾದ ಮೇಲೂ ಸುಮ್ಮನಿರುವುದು ನನಗೂ ಅಸಹ್ಯ ಅನಿಸಿತು. ನಾನೇ ಹಾಕಿದ್ದು ಅಂದೆ. ಸ್ವರ ನನಗೇ ಕೇಳಿಸಲಿಲ್ಲ, ಆದರೆ ಅವರಿಬ್ಬರಿಗೂ ಕೇಳಿಸಿತು. ಥೂ ಬರುತ್ತದೆ ಅಂತ ಕಣ್ಣು ಮುಚ್ಚಿ ನಿಂತೆ. ಬರಲಿಲ್ಲ. ಕಣ್ಣು ಬಿಟ್ಟಾಗ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಿದ್ದರು. ನನಗೆ ಒಂದು ಥೂ ಕೂಡ ವ್ಯರ್ಥ ಅಂತ ಅವರಿಗೆ ಅನಿಸಿರಬೇಕು. ಬಾಲ್ದಿಯನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿ, ಉಳಿದದ್ದು ನೀವೇ ತೆಗೀರಿ ಸಾರ್ ಅಂದರು.

ತೆಗೆದೆ. ಜೀಪಿನಡಿ ಮಲಗಿ, ಬರಿಗೈಯಲ್ಲಿ. ಮೊದಲ ಹಿಡಿಗೆ ಬೆಳಗಿನ ತಿಂಡಿ ಗಂಟಲವರೆಗೆ ಬಂದು ಇಣುಕಿ ಹೋಯಿತು. ಅದು ತಣ್ಣಗೆ, ಲೋಳೆಲೋಳೆಯಾಗಿ ಬೆರಳ ಸಂದಿಯಲ್ಲಿ ಹಿಸುಕಿಕೊಂಡು ಬರುತ್ತಿತ್ತು. ನಡುನಡುವೆ ಮರಳಿನಂತೆ ಉಕ್ಕಿನ ಪುಡಿ ಕರಕರ ಅನ್ನುತ್ತಿತ್ತು. ಒಂದು ಉಂಡೆ ಕಿವಿಯ ಮೇಲೆ ಬಿದ್ದು ಒಳಗೆ ಹೋಗಲೋ ಹೊರಗೆ ಇರಲೋ ಅಂತ ಯೋಚಿಸಿತು. ಬಾಯಿ ತೆರೆದು ಉಸಿರಾಡಿದರೆ ನಾಲಗೆಗೆ ವಾಸನೆ, ಮೂಗಿನಿಂದ ಆಡಿದರೆ ಮೆದುಳಿಗೆ. ಮೇಲೆ ಮಾವನೂ ಮೇಸ್ತ್ರಿಯೂ ಹಳೆಯ ವರ್ಕ್‌ಷಾಪಿನ ಮಾತಾಡುತ್ತ ಚಹಾ ಕುಡಿಯುತ್ತಿದ್ದರು. ಮೇಸ್ತ್ರಿಯ ಹೆಂಡತಿ ಬಗ್ಗಿ ನನ್ನನ್ನು ನೋಡಿ, ನಿಮಗೂ ಚಹಾ ತರಲಾ ಅಂತ ಕೇಳಿದರು. ನಾನು ಬಾಯಿ ತೆರೆಯುವ ಧೈರ್ಯ ಮಾಡಲಿಲ್ಲ.

ನಾನು ಎದ್ದು ಬಂದಮೇಲೆ ಮೇಸ್ತ್ರಿ ಇಡೀ ಬಾಕ್ಸನ್ನು ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದರು. ಮೂರು ಸಲವೂ ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ದಂಡದ ಸುತ್ತುಗಳ ಮೇಲೆ ಉಗುರು ಎಳೆದು ಪರೀಕ್ಷಿಸಿದರು. ಒಂದು ಕಡೆ ಗೀರು ಬಿದ್ದಿದೆ, ತಿಂದಿಲ್ಲ ಅಂದರು. ಗೋಡೆಯಲ್ಲಿ ತಂತಿಗೆ ನೇತುಹಾಕಿದ್ದ ಇನ್ನೊಂದು ದಂಡವನ್ನು ತೋರಿಸಿದರು. ಇಲಾಖೆಯ ಆ ಒಂಬತ್ತರಲ್ಲಿ ಒಂದು. ಇಲಿ ಕಡಿದ ಜೋಳದ ತೆನೆಯಂತಿತ್ತು. ಆ ಹೋಲಿಕೆ ಹೊಳೆದದ್ದಕ್ಕೆ ನನ್ನ ಮೇಲೆ ನನಗೇ ಬೇಸರವಾಯಿತು.

ಎಣ್ಣೆ ಸೋರುತ್ತಿದ್ದದ್ದು ಅಡಿಯ ರಬ್ಬರ್ ಸೀಲು ಸವೆದದ್ದಕ್ಕೆ. ಹೆಬ್ಬೆಟ್ಟಿನ ಸುತ್ತಳತೆಗಿಂತ ಸ್ವಲ್ಪ ದೊಡ್ಡ ಒಂದು ಬಳೆ. ಅದನ್ನು ಬದಲಾಯಿಸಲು ಮೇಸ್ತ್ರಿಗೆ ಹಿಡಿದದ್ದು ಒಂದು ಗಂಟೆ. ಇಷ್ಟು ಹೇಳಿದರೆ ಸಾಕು. ಆ ಒಂದು ಗಂಟೆಯ ಬದಲು ನಾನು ಮಾಡಿದ್ದೇನು ಅಂತ ನಿಮಗೆ ಗೊತ್ತೇ ಇದೆ.

ಆಮೇಲೆ ಎಣ್ಣೆ. ನೂರಾ ನಲವತ್ತು ನಂಬರಿನ ಗೇರ್ ಆಯಿಲ್, ಜೇನಿನ ಹಾಗೆ ಗಟ್ಟಿ. ಆಲಿಕೆ ಇಟ್ಟು ಒಂದು ಲೋಟದಷ್ಟು ಹೊಯ್ದು ಮೇಸ್ತ್ರಿ ಕೈ ಕಟ್ಟಿ ನಿಂತರು. ಅದು ಯಾರ ಮಾತೂ ಕೇಳದೆ ತನ್ನ ಪಾಡಿಗೆ ಇಳಿಯಿತು. ಮಾವ ಸೀಟಿನಲ್ಲಿ ಕೂತು ಸ್ಟಿಯರಿಂಗನ್ನು ಎಡದ ಕೊನೆಯಿಂದ ಬಲದ ಕೊನೆಗೆ, ಮತ್ತೆ ಎಡಕ್ಕೆ ತಿರುಗಿಸುತ್ತಿದ್ದರು. ಒಳಗಿನ ಗಾಳಿ ಗುಳುಕ್ ಅಂತ ಗುಳ್ಳೆಯಾಗಿ ಮೇಲೆ ಬಂದಾಗ ಮತ್ತೆ ಸ್ವಲ್ಪ ಹೊಯ್ಯುವುದು. ಕಿಂಡಿಯ ಅಂಚಿಗೆ ಮಟ್ಟವಾದಾಗ ಮೇಸ್ತ್ರಿ ಬೋಲ್ಟು ಹಾಕಿ, ಸಲಾಕೆ ಜೋಡಿಸಿ, ಜ್ಯಾಕ್ ಇಳಿಸಿದರು.

ಅಷ್ಟರಲ್ಲಿ ನನ್ನ ಹೆಂಡತಿ ಆಫೀಸು ಮುಗಿಸಿ ಸ್ಕೂಟರಿನಲ್ಲಿ ಬಂದಳು. ಅಪ್ಪನನ್ನು ತನ್ನ ಹಿಂದೆ ಕೂರಿಸಿಕೊಂಡು ಹೋಗುವುದು ಅವಳ ಲೆಕ್ಕ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಏನಾಯಿತು ಅಂತ ಕೇಳುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಹೋಟೆಲಿನವನು. ಭಾನುವಾರದ ಬದಲು ನಾಳೆಯೇ ಲಾರಿ ಕಳಿಸಲಾ ಅಂತ ಕೇಳುತ್ತಿದ್ದ. ಅವಳು ಉತ್ತರ ಕೊಡುವ ಮೊದಲೇ ಜೀಪಿನ ಇಂಜಿನ್ ಶುರುವಾಯಿತು.

ಮಾವ ರಿವರ್ಸಿನಲ್ಲಿ ಶೆಡ್ಡಿನಿಂದ ಹೊರಬಂದರು. ಒಣಹಾಕಿದ ಬಟ್ಟೆಗೆ ಒಂದು ಮೊಳ ದೂರದಲ್ಲಿ, ಬಲಗೈಯ ಎರಡೇ ಬೆರಳಿನಿಂದ ಸ್ಟಿಯರಿಂಗ್ ಒತ್ತಿ, ಜೀಪನ್ನು ಒಂದೇ ಏಟಿಗೆ ತಿರುಗಿಸಿ ರಸ್ತೆಗಿಳಿಸಿದರು. ರಸ್ತೆಯ ಕೊನೆಯಲ್ಲಿ ಪೂರಾ ಸುತ್ತು ಹೊಡೆದು ವಾಪಸು ಬಂದರು. ನಿಲ್ಲಿಸಲಿಲ್ಲ, ನಮ್ಮ ಮುಂದೆಯೇ ದಾಟಿ ಇನ್ನೊಂದು ಸುತ್ತಿಗೆ ಹೋದರು. ಹೋಗುವಾಗ ಮಗಳ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಡ್ರೈವರ್ ಕೆಲಸದಲ್ಲಿದ್ದವರು ರಸ್ತೆ ನೋಡುತ್ತಾರೆ.

ಹೆಂಡತಿ ಫೋನಿನಲ್ಲಿ ಒಂದು ನಿಮಿಷ ಇರಿ ಅಂದು ಅದನ್ನು ಎದೆಗೆ ಒತ್ತಿಕೊಂಡಳು. ನಾನು ಅವಳಿಗೆ ಕಾಣದ ಹಾಗೆ ಮೇಸ್ತ್ರಿಗೆ ಕೈ ಮುಗಿದೆ. ಮುಗಿದ ಕೈಯಿಂದ ಗ್ರೀಸು ತೊಟ್ಟಿಕ್ಕಿತು. ಮೇಸ್ತ್ರಿ ಅದನ್ನು ನೋಡಿ ಮೂಗು ಸುಕ್ಕು ಮಾಡಿದರು.

"ಮೇಸ್ತ್ರಿ, ನಿಜ ಹೇಳಿ" ಅಂದಳು ಅವಳು. "ತೊಂದರೆ ಇದ್ದಿದ್ದು ಎಲ್ಲಿ? ಅಪ್ಪನ ತೋಳಲ್ಲೋ, ಆ ಬಾಕ್ಸಲ್ಲೋ?"

ಮೇಸ್ತ್ರಿ ಪೆಟ್ಟಿಗೆಯ ಬೀಗ ತೆಗೆದು, ತಮ್ಮ ಲೋಟ ಹೊರಗೆ ತೆಗೆದು, ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಎರಡ್ರಲ್ಲೂ ಇರ್ಲಿಲ್ಲ ತಾಯಿ. ನಿಮ್ಮ ಮನೆಯವ್ರಲ್ಲಿತ್ತು."